ಬರ್‌ಟ್ವಿಸಲ್ ಅಜ್ಜಿಯ ಹೆಸರು

ಉಮ್ಮಾ, ಸಲಾಂ.

ಇಂಗ್ಲೆಂಡಿನ ಈ ವೃದ್ಧಾಶ್ರಮದಲ್ಲಿ ನನ್ನ ನರ್ಸ್ ಕೆಲಸಕ್ಕೆ ಇವತ್ತಿಗೆ ಒಂದು ತಿಂಗಳಾಯಿತು. ನಾನು ನೋಡಿಕೊಳ್ಳುವವರಲ್ಲಿ ಬರ್‌ಟ್ವಿಸಲ್ ಎಂಬ ತೊಂಬತ್ತು ವರ್ಷದ ಅಜ್ಜಿ ಒಬ್ಬರು. ಇನ್ನು ಮನೆಗೆ ಹೋಗಲಿಕ್ಕೆ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಅವರಿಗೆ ಮೂರು ದಿನ ಮಾತೂ ಇಲ್ಲ, ಊಟವೂ ಇಲ್ಲ. ನಿನ್ನೆ ನಾನು, "ನಿಮ್ಮ ಹೆಸರಿನಲ್ಲಿ ವಿಸಿಲ್ ಉಂಟಲ್ಲ, ನಿಮ್ಮ ಹಿರಿಯರು ವಿಸಿಲ್ ಊದುತ್ತಿದ್ದರಾ?" ಎಂದು ಕೇಳಿಬಿಟ್ಟೆ. ಅಜ್ಜಿಗೆ ನಗು ತಡೆಯಲಿಲ್ಲ. "ಅಲ್ಲ ಮಗಳೇ, ಅದು ಅವರ ಊರಿನ ಹೆಸರು. ಎರಡು ತೊರೆ ಸೇರುವ ಜಾಗಕ್ಕೆ ಹಳೆಯ ಇಂಗ್ಲಿಷಿನಲ್ಲಿ ಟ್ವಿಸಲ್ ಎನ್ನುತ್ತಿದ್ದರು. ಬರ್ ಎಂದರೆ ಹಕ್ಕಿಮರಿ" ಎಂದರು. ಉಪ್ಪಿನಂಗಡಿಯಲ್ಲಿ ನಮಗೂ ಎರಡು ಹೊಳೆ ಸೇರುವ ಜಾಗ ಉಂಟು, ನಾನೂ ನಮ್ಮ ಊರು ಕನ್ಯಾನದ ಹೆಸರು ಸೇರಿಸಿ ಮುರ್ಶಿದಾ ಕನ್ಯಾನ ಎಂದೇ ಬರೆಯುವುದು ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ನಮ್ಮ ಕುಟುಂಬದಲ್ಲಿ ಈ ಹೆಸರಿನವಳು ನಾನೇ ಕೊನೆ. ದಿನಕ್ಕೊಮ್ಮೆ ಅದನ್ನು ಹೇಳಿ ಕರೆಯುತ್ತೀಯಾ?" ಕರೆದೆ. ಅರ್ಧ ಬಟ್ಟಲು ಸೂಪ್ ಕುಡಿದರು.

ನನ್ನ ಕೆಮ್ಮು ವಾಸಿಯಾಗಿದೆ. ನೀವು ಶುಗರಿನ ಮಾತ್ರೆ ತಪ್ಪಿಸಬೇಡಿ. ಈ ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಅಜ್ಜಿ ನಿಮ್ಮ ಹೆಸರೂ ಕೇಳಿದ್ದಾರೆ. ಬೆಳಗ್ಗಿನಿಂದ "ಜುಲೈಕಾ, ಜುಲೈಕಾ" ಎಂದು ಹೇಳಿ ಕಲಿಯುತ್ತಾ ಇದ್ದಾರೆ.

ನಿಮ್ಮ ಮಗಳು ಮುರ್ಶಿದಾ