ಐವತ್ತನೇ ನಮೂನೆ

ಅದೇ ಮನೆ, ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೧೪, ಬೆಳಿಗ್ಗೆ

ವೇದಿಕೆಯನ್ನು ಅಲಂಕರಿಸಿರುವ ಮಹನೀಯರೇ, ವೇದಿಕೆಯಲ್ಲಿ ಜಾಗ ಸಿಗದೆ ಮುಂದಿನ ಸಾಲನ್ನು ಅಲಂಕರಿಸಿರುವ ಇತರ ಮಹನೀಯರೇ, ಹಾಜರಿ ಸಿಗುತ್ತದೆಂದು ಬಂದು ಕುಳಿತಿರುವ ವಿದ್ಯಾರ್ಥಿಗಳೇ, ಹಾಜರಿ ಸಿಕ್ಕ ಕೂಡಲೇ ಎದ್ದು ಹೋಗಲಿರುವ ವಿದ್ಯಾರ್ಥಿನಿಯರೇ! ಮನಸ್ಸೆಂಬ ಮಹಾಸಾಗರದ ದಡದಲ್ಲಿ ಎರಡು ವರ್ಷ ಕಾಲು ನೆನೆಸಿ, ಪದವಿಯೆಂಬ ಟವೆಲಿನಲ್ಲಿ ಒರೆಸಿಕೊಂಡು ಹೊರಟ ನಮ್ಮಂಥವರು ಸಮಾಜಕ್ಕೆ ಸಲ್ಲಿಸಿದ ಸೇವೆಯ ಬಗ್ಗೆ ಎರಡು ಮಾತು...

ಪ್ರೀತಿಯ ಅಕ್ಕಾ,

ಗಾಬರಿಯಾಗಬೇಡ, ಲಕೋಟೆ ಅದಲುಬದಲಾಗಿಲ್ಲ. ಮೇಲಿನದು ಬರುವ ಶನಿವಾರ ನಾನು ಮಾಡಬೇಕಾದ ಭಾಷಣದ ತಲೆ. ಮುಂಡ ಇನ್ನೂ ಹುಟ್ಟಿಲ್ಲ. ಹೇಗಿದ್ದೀಯ? ಇಪ್ಪತ್ತೆರಡು ವರ್ಷ ಬಿಟ್ಟು ಕೇಳುವ ಪ್ರಶ್ನೆಯಲ್ಲ, ಆದರೂ ಕಾಗದವೆಂದ ಮೇಲೆ ಮೊದಲು ಕ್ಷೇಮ, ಆಮೇಲೆ ಕೆಲಸ. ಸೊಂಟ ಹೇಗಿದೆ? ಅಪ್ಪನನ್ನು ಹಾಸಿಗೆಯಿಂದ ಎತ್ತಿ ಎತ್ತಿ ಎಡಗಡೆ ಹಿಡಿದುಕೊಳ್ಳುತ್ತಿತ್ತಲ್ಲ, ಈಗಲೂ ಏಳುವಾಗ ಗೋಡೆಗೆ ಕೈ ಊರುತ್ತೀಯಾ? ನಿನ್ನ ವಿಳಾಸ ಕೊಟ್ಟವಳು ಚಿಕ್ಕಮ್ಮ. ಬಸ್ಸಿನಲ್ಲಿ ಛತ್ರಿ ಮರೆತು, ಡಿಪೋದ ಕಳೆದುಹೋದ ವಸ್ತುಗಳ ಕಿಟಕಿಗೆ ಹೋದರೆ ಒಳಗೆ ಕೂತವಳು ನೀನಂತೆ. ‘ಹಿಡಿ ಯಾವ ಬಣ್ಣ, ಎಷ್ಟು ಮಡಿಕೆ, ಎಲ್ಲಿ ಹರಿದಿದೆ?’ ಎಂದು ಕೇಳಿದೆಯಂತೆ. ಗುರುತು ಸಿಕ್ಕಿ ಇಬ್ಬರೂ ಅತ್ತು ಮುಗಿದ ಮೇಲೂ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೇ ಛತ್ರಿ ಕೊಟ್ಟೆಯಂತೆ. ‘ಅವಳು ಹಾಗೇ ಇದಾಳೆ ಕಣೋ’ ಎಂದಳು ಚಿಕ್ಕಮ್ಮ. ಕೇಳಿ ಸಮಾಧಾನವಾಯಿತೋ ಹೆದರಿಕೆಯಾಯಿತೋ ಗೊತ್ತಾಗಲಿಲ್ಲ. ಮನಸ್ಸು ಓದಿದವನಿಗೆ ತನ್ನದೇ ಗೊತ್ತಾಗುವುದಿಲ್ಲ. ಕನ್ನಡಕ ಮಾರುವವನಿಗೆ ಕಣ್ಣು ಕಾಣದ ಹಾಗೆ.

ಸುದ್ದಿ ಇಷ್ಟು. ನಮ್ಮ ಮನಶ್ಶಾಸ್ತ್ರ ವಿಭಾಗಕ್ಕೆ ಐವತ್ತು ತುಂಬಿತು. ‘ನಮ್ಮ ಪದವೀಧರರು ಎಲ್ಲೆಲ್ಲಿದ್ದಾರೆ, ಏನೇನು ಸೇವೆ ಮಾಡಿದ್ದಾರೆ’ ಎಂದು ಪುಸ್ತಕ ತರುತ್ತಾರಂತೆ. ನಮ್ಮ ಬ್ಯಾಚಿನ ಪುಟ ಬರೆಯುವ ಹೊಣೆ ನನ್ನದು. ಬ್ಯಾಚೆಂದರೆ, ಮನೆಗೆ ಬಂದು ನಿನ್ನ ಕೈಯ ಊಟ ಮಾಡಿ ಹೋಗುತ್ತಿದ್ದರಲ್ಲ, ಅವರೇ. ಚಷ್ಮಾ ಹುಡುಗಿ ಈಗ ದೊಡ್ಡ ಕಂಪನಿಯಲ್ಲಿದ್ದಾಳೆ. ಕೆಲಸದಿಂದ ತೆಗೆಯುವವರನ್ನು ಕೂರಿಸಿ, ಅವರೇ ಬಿಟ್ಟು ಹೋಗುತ್ತಿದ್ದಾರೆ ಎಂದು ಅವರಿಗೇ ಅನ್ನಿಸುವ ಹಾಗೆ ಮಾತಾಡುವುದು ಅವಳ ಪರಿಣತಿ. ಮೇಜಿನ ಮೇಲೆ ಕಣ್ಣೊರೆಸುವ ಟಿಶ್ಯೂ ಪೆಟ್ಟಿಗೆ ಎಷ್ಟು ದೂರದಲ್ಲಿರಬೇಕೆಂದು ಅಳತೆ ಮಾಡಿ ಇಟ್ಟಿದ್ದಾಳೆ. ನಿಟ್ಟುಸಿರು ಬಿಡುತ್ತಿದ್ದ ಉದ್ದನೆಯವನು ದೊಡ್ಡ ಅಂಗಡಿಗಳಿಗೆ ಸಲಹೆಗಾರ, ಮಿಠಾಯಿ ಮಕ್ಕಳ ಕಣ್ಣಿನ ಎತ್ತರಕ್ಕೇ ಸಿಗುವುದು ಅವನ ಕೃಪೆ. ಮೊದಲ ಬೆಂಚಿನವಳು ಜೈಲಿನಲ್ಲಿ ಸಮಾಲೋಚಕಿ. ನಮ್ಮೆಲ್ಲರಲ್ಲಿ ಸುಖಿ ಅವಳೇ. ‘ನನ್ನ ಹತ್ರ ಬರೋರು ಯಾರೂ ಸಮಯ ತಪ್ಪಿಸಲ್ಲ ಕಣೋ’ ಎನ್ನುತ್ತಾಳೆ. ಚಿನ್ನದ ಪದಕದವನು ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತಿದ್ದಾನೆ. ಸಡಿಲವಾದ ಸ್ಕ್ರೂ ಬಿಗಿ ಮಾಡುವುದನ್ನೇ ತಾನೆ ಕಲಿತದ್ದು, ಈಗ ಗ್ಯಾರಂಟಿ ಕೊಟ್ಟು ಮಾಡುತ್ತಿದ್ದೇನೆ ಎಂದು ನಗುತ್ತಾನೆ. ಇವರ ಪುಟವನ್ನು ನಾನು ‘ಸಮಾಜದ ವಿವಿಧ ಸ್ತರಗಳಲ್ಲಿ’ ಎಂದು ಶುರುಮಾಡಿದ್ದೇನೆ. ಪುಟಕ್ಕೆ ಪ್ರಾಸ ಬೇಕು, ಪ್ರಾಸಕ್ಕೆ ಸುಳ್ಳು ಸಾಕು.

ಇನ್ನು ನಾನು. ವಾರಕ್ಕೆ ಮೂರು ದಿನ ಶಾಲೆಯಲ್ಲಿ ಸಮಾಲೋಚಕ. ಗುರುವಾರ ಸಂಜೆ ವಾಚನಾಲಯದ ಮಹಡಿಯಲ್ಲಿ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ಗುಂಪು. ಹದಿನೆಂಟು ವರ್ಷದಿಂದ ನಡೆಸುತ್ತಿದ್ದೇನೆ, ದುಂಡಗೆ ಹಾಕಿದ ಹನ್ನೆರಡು ಕುರ್ಚಿ, ಒಂದು ಫ್ಲಾಸ್ಕು. ಶನಿವಾರ ಶಾಲು ಹೊದಿಸುವುದು ಇದಕ್ಕೇ. ಹೋದ ತಿಂಗಳು ಹೊಸಬರೊಬ್ಬರು ಬಂದರು, ವಿದ್ಯುತ್ ಕಂಬ ಹತ್ತುತ್ತಿದ್ದ ನಿವೃತ್ತ ಲೈನ್‌ಮನ್, ಹೆಂಡತಿ ಮೂರು ವರ್ಷದಿಂದ ಮಲಗಿದಲ್ಲೇ. ಅರ್ಧ ಗಂಟೆ ನನ್ನ ಮಾತು ಕೇಳಿ ಅವರು ಕೈ ಎತ್ತಿದರು. ‘ಸಾರ್, ನೀವು ಯಾರನ್ನಾದ್ರೂ ಎತ್ತಿದೀರಾ? ಹಾಸಿಗೆಯಿಂದ?’ ನಾನು ಪುಸ್ತಕದಲ್ಲಿದ್ದ ಹಾಗೆಯೇ, ‘ಈ ಪ್ರಶ್ನೆ ಕೇಳುವಾಗ ನಿಮಗೆ ಏನನ್ನಿಸ್ತಿದೆ?’ ಎಂದೆ. ‘ನೀವು ಎತ್ತಿಲ್ಲ ಅನ್ನಿಸ್ತಿದೆ’ ಎಂದರು. ಹನ್ನೊಂದು ಜನ ನಕ್ಕರು. ಹನ್ನೆರಡನೆಯವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತ.

ನಿಜ ಹೇಳಿದರು. ಅಪ್ಪ ಮಲಗಿದ್ದ ನಾಲ್ಕು ವರ್ಷ ನೀನು ಎತ್ತಿದೆ. ನೀನು ಹೋದ ಮೇಲಿನ ಏಳು ತಿಂಗಳು ಚಿಕ್ಕಮ್ಮ ಮತ್ತು ನರ್ಸಮ್ಮ ಎತ್ತಿದರು. ನಾನು ಬಾಗಿಲು ಹಿಡಿದುಕೊಳ್ಳುತ್ತಿದ್ದೆ. ಬಾಗಿಲು ಹಿಡಿಯುವುದರಲ್ಲಿ ನನ್ನ ಸೇವೆ ಅನುಪಮ.

ನಿನಗೆ ನೆನಪಿದೆಯಾ, ಮೊದಲ ವರ್ಷದ ಪ್ರಯೋಗಗಳಿಗೆಲ್ಲ ನೀನೇ ಆಗಬೇಕಿತ್ತು. ಅರ್ಥವಿಲ್ಲದ ಪದಗಳ ಪಟ್ಟಿ ಓದಿ, ಎಷ್ಟು ದಿನಕ್ಕೆ ಎಷ್ಟು ಮರೆಯುತ್ತಾರೆ ಎಂದು ಗೆರೆ ಎಳೆಯುವ ಪ್ರಯೋಗ. ಮಬ, ತಿಗು, ಲೊಪ, ಚುಕ. ಕನ್ನಡದಲ್ಲಿ ಅರ್ಥವಿಲ್ಲದ ಪದ ಹುಟ್ಟಿಸಲು ನಾನು ಪಟ್ಟ ಪಾಡು! ಪಾತ್ರೆ ಉಜ್ಜುತ್ತಲೇ ನೀನು ಒಂದೊಂದಕ್ಕೂ ಅರ್ಥ ಹಚ್ಚುತ್ತಿದ್ದೆ. ‘ಲೊಪ ಅಂದ್ರೆ ಲೋಪ ಮಾಡಿ ಕುಳ್ಳಗಾದೋನು, ನಿನ್ನ ಹಾಗೆ.’ ಆಮೇಲೆ ಹಾಡೂ ಕಟ್ಟಿದೆ: ‘ಮಬ ತಿಗು ಲೊಪ ಚುಕ, ತಮ್ಮನ ಓದು ಪುಕಪುಕ.’ ಪ್ರಾಸದ ಈ ರೋಗ ನನಗೆ ಅಂಟಿದ್ದು ನಿನ್ನಿಂದ. ಮೂರು ವಾರ ಬಿಟ್ಟು ಕೇಳಿದರೂ ಇಪ್ಪತ್ತಕ್ಕೆ ಇಪ್ಪತ್ತು ಹೇಳಿದೆ. ಮೇಷ್ಟ್ರು ನನ್ನ ರೆಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ‘ವ್ಯಕ್ತಿ ಮರೆಯುವುದೇ ಇಲ್ಲ. ಅಸಹಜ. ಬೇರೆಯವರ ಮೇಲೆ ಪುನಃ ಮಾಡಿ.’

ಕೊನೆಯ ವರ್ಷದ ಸಮಾಜಸೇವೆಯ ಅಭ್ಯಾಸವೂ ನೆನಪಿರಬೇಕು. ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವ ಐವತ್ತು ಜನರನ್ನು ಕಂಡು, ಐವತ್ತು ನಮೂನೆ ತುಂಬಿ ತರಬೇಕು. ನಮೂನೆಯಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ಇಪ್ಪತ್ತು ಪ್ರಶ್ನೆ, ಹೌದು ಅಥವಾ ಇಲ್ಲ. ಏಳನೆಯದು, ‘ನಿಮಗೆ ಬೇಜಾರಾಗುತ್ತದೆಯೇ?’ ಇದರ ಮೇಲೆ ತರಗತಿಯಲ್ಲಿ ಒಂದು ದಿನ ಪೂರ್ತಿ ಜಗಳ. ಹೊತ್ತು ಹೋಗದಿದ್ದರೂ ಬೇಜಾರು, ಕರುಳು ಕಿತ್ತು ಬಂದರೂ ಬೇಜಾರು, ಯಾರೋ ಅಂದ ಮಾತು ಚುಚ್ಚಿದರೂ ಬೇಜಾರು, ಯಾವುದನ್ನು ಎಣಿಸುವುದು? ಮೇಷ್ಟ್ರು ತೀರ್ಪು ಕೊಟ್ಟರು: ‘ಯಾವ ಬೇಜಾರು ಅಂತ ಕೂತು ಕೇಳ್ರಯ್ಯಾ. ಕೇಳೋದೇ ನಿಮ್ಮ ಕೆಲಸ.’ ಬೀದಿ ಬೀದಿ ಸುತ್ತಿದೆ. ಮೆಟ್ಟಿಲ ಮೇಲೆ, ಔಷಧಿ ಅಂಗಡಿಯ ಸಾಲಿನಲ್ಲಿ, ಒಗೆದ ಬಟ್ಟೆಯ ಹಗ್ಗದ ಕೆಳಗೆ ಕೂತು ಕೇಳಿದೆ. ‘ಬೇಜಾರಾ? ಅದಕ್ಕೆಲ್ಲ ಪುರುಸೊತ್ತೆಲ್ಲಿ?’ ಎಂದು ಒಬ್ಬಾಕೆ ನಕ್ಕು, ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡಳು. ಅವರು ಹೊತ್ತರು, ನಾನು ಬರೆದೆ. ಅವರು ಅತ್ತರು, ನಾನು ಎಣಿಸಿದೆ. ನಲವತ್ತೊಂಬತ್ತು ಆಯಿತು.

ಐವತ್ತನೆಯದಕ್ಕೆ ಸುತ್ತಲು ನನಗೆ ಸೋಮಾರಿತನ. ಒಪ್ಪಿಸುವುದಕ್ಕೆ ಒಂದು ದಿನ ಉಳಿದಿತ್ತು. ನಾನು ಅಡುಗೆಮನೆಯ ಮೇಜಿನಲ್ಲಿ, ನೀನು ಪಕ್ಕದ ಕೋಣೆಯಲ್ಲಿ, ಅಪ್ಪನನ್ನು ಮಗ್ಗುಲಿಗೆ ಹೊರಳಿಸುತ್ತಾ ಒಂದು, ಎರಡು, ಮೂರು ಎಂದು ಎಣಿಸುವುದು ಕೇಳುತ್ತಿತ್ತು. ಹತ್ತು ಹೆಜ್ಜೆ ದೂರ. ನಾನು ಕರೆಯಲಿಲ್ಲ. ವಯಸ್ಸು ಇಪ್ಪತ್ತೆಂಟು, ರೋಗಿಯ ಮಗಳು, ನಾಲ್ಕನೇ ವರ್ಷ ಎಂದು ಪೆನ್ನಿನಲ್ಲಿ ಬರೆದೆ. ನಿದ್ದೆ ಕೆಟ್ಟಿದೆಯೇ, ಇಲ್ಲ. ಮನೆ ಬಿಟ್ಟು ಹೋಗಬೇಕೆನಿಸುತ್ತದೆಯೇ, ಇಲ್ಲ. ಬೇಜಾರಾಗುತ್ತದೆಯೇ, ಇಲ್ಲ. ಕೊನೆಯಲ್ಲಿ ಖಾಲಿ ಗೆರೆ, ‘ಇನ್ನೇನಾದರೂ ಹೇಳುವುದಿದೆಯೇ?’ ಅಲ್ಲಿಯೂ, ಇಲ್ಲ. ನಾಲ್ಕು ನಿಮಿಷದ ಕೆಲಸ. ನಮೂನೆಯನ್ನು ಮೇಜಿನ ಮೇಲೇ ಬಿಟ್ಟು ಸ್ನಾನಕ್ಕೆ ಹೋದೆ.

ಹನ್ನೊಂದು ದಿನಕ್ಕೆ ನೀನು ಹೋದೆ. ಅಪ್ಪನ ಮೈ ಒರೆಸಿ, ಹಾಸಿಗೆ ಬದಲಿಸಿ, ಆ ದಿನದ ಮಾತ್ರೆಗಳನ್ನು ಕಿಟಕಿಯ ಕಟ್ಟೆಯಲ್ಲಿ ಸಾಲಾಗಿ ಇಟ್ಟು, ಚಿಕ್ಕಮ್ಮನ ಮನೆಯ ಕದ ತಟ್ಟಿ ‘ಸ್ವಲ್ಪ ನೋಡ್ಕೋ’ ಎಂದು ಹೇಳಿ ಹೋದೆ. ಸಂಜೆಯ ಹೊತ್ತಿಗೆ ಎಲ್ಲರೂ ಸೇರಿದರು. ‘ನೀನು ಮನಸ್ಸು ಓದಿದೋನು, ನೀನೇ ಹೇಳಪ್ಪಾ’ ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಇಡೀ ಮನೆ ನನ್ನ ಬಾಯಿ ನೋಡುತ್ತಿತ್ತು. ಮೊದಲ ಸಲ ನನ್ನ ಓದಿಗೆ ಬೆಲೆ ಬಂದಿತ್ತು. ‘ಯಾವ ಸೂಚನೆಯೂ ಇರಲಿಲ್ಲ’ ಎಂದೆ. ಅಷ್ಟು ಸಾಕಾಯಿತು. ಸೂಚನೆಯೇ ಇಲ್ಲದೆ ಹೋದವಳು ಕಲ್ಲು ಮನಸ್ಸಿನವಳೇ ಇರಬೇಕಲ್ಲ. ಇಪ್ಪತ್ತೆರಡು ವರ್ಷ ನಿನ್ನ ಹೆಸರಿನ ಜಾಗದಲ್ಲಿ ಆ ಮಾತೇ ಓಡಾಡಿತು. ಅಪ್ಪ ಮಾತ್ರ ಹಾಗೆ ಅನ್ನಲಿಲ್ಲ. ಅವರ ಬಾಯಿ ಆಗಲೇ ಒಂದು ಕಡೆ ವಾಲಿತ್ತು. ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ನಾನು ಬಾಗಿಲು ಹಿಡಿದುಕೊಂಡು ನಿಂತಿರುತ್ತಿದ್ದೆ.

ಈಗ ತಮಾಷೆ ಕೇಳು. ವಿಭಾಗದ ಹೊಸ ಮುಖ್ಯಸ್ಥೆ ಚುರುಕಾದ ಹೆಂಗಸು, ಹಳೆಯ ಬೀರು ತೆರೆಸಿ ನನ್ನ ಐವತ್ತು ನಮೂನೆಗಳನ್ನೂ ಹೊರತೆಗೆದಿದ್ದಾಳೆ. ಶನಿವಾರ ಸಭಾಂಗಣದಲ್ಲಿ ಗಾಜಿನ ಕೆಳಗೆ ಇಡುತ್ತಾರಂತೆ, ‘ಒಂದು ಸೇವೆಯ ಆರಂಭ’ ಎಂಬ ಫಲಕದ ಜೊತೆಗೆ. ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಐವತ್ತನೆಯದು. ನಾಲ್ಕು ವರ್ಷ ತಂದೆಯನ್ನು ನೋಡಿಕೊಂಡೂ ದಣಿಯದ, ಬೇಸರಿಸದ, ಬಿಟ್ಟು ಹೋಗಬೇಕೆಂದು ಒಮ್ಮೆಯೂ ಅಂದುಕೊಳ್ಳದ ಮಗಳು. ಅದನ್ನೊಂದೇ ದೊಡ್ಡದು ಮಾಡಿಸಿ ಪರದೆಯ ಮೇಲೆ ತೋರಿಸಿ, ನನ್ನಿಂದ ಮಾತಾಡಿಸಬೇಕಂತೆ. ‘ಆ ಹೆಣ್ಣುಮಗಳು ಈಗೆಲ್ಲಿದ್ದಾರೋ ಗೊತ್ತಾ ಸರ್?’ ಎಂದು ಕೇಳಿದಳು. ಇನ್ನೊಂದು ಸಣ್ಣ ಅನುಮಾನವನ್ನೂ ಕೇಳಿದಳು, ಅದೇನು ದೊಡ್ಡದಲ್ಲ, ಬಿಡು.

ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಕೇಳದೆ ನಿನ್ನ ಉತ್ತರ ಬರೆದೆ. ಇಪ್ಪತ್ಮೂರರ ಹುಡುಗನ ಸೋಮಾರಿತನ. ನಿನ್ನ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ತಪ್ಪು ಅಷ್ಟೇ, ಅದನ್ನು ಒಪ್ಪಿಕೊಂಡಿದ್ದೇನೆ. ಶನಿವಾರ ಹತ್ತು ಗಂಟೆಗೆ ಕಾರ್ಯಕ್ರಮ. ಬರುವೆಯಾದರೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಿಡಿಯುತ್ತೇನೆ, ಹಿಡಿಯುವುದು ನನಗೆ ಅಭ್ಯಾಸ. ಬರದಿದ್ದರೂ ಸರಿ. ‘ಬೇಜಾರು ಮಾಡ್ಕೋಬೇಡ’ ಎಂದು ಬರೆಯಲು ಹೋಗಿ ಹೊಡೆದುಹಾಕಿದ್ದೇನೆ, ಮೇಲೆ ಮಸಿ ಕಾಣುತ್ತದಲ್ಲ, ಅದೇ.

ಚಿಕ್ಕಮ್ಮ ಛತ್ರಿಯ ಸಮೇತ ಆಶೀರ್ವಾದ ತಿಳಿಸಿದ್ದಾಳೆ. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ. ಕಿಟಕಿಯಲ್ಲಿ ಗಾಳಿಗೆ ಕೂರಬೇಡ.

ಇಂತಿ ನಿನ್ನ ಕಾಲಿಗೆ ಬೀಳಬೇಕಾದ,
ಲೊಪ

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ. ಅಂಚೆ ಡಬ್ಬಿಯ ತನಕ ಹೋಗಿ ವಾಪಸು ಬಂದು ಬರೆಯುತ್ತಿದ್ದೇನೆ. ಮುಖ್ಯಸ್ಥೆ ಕೇಳಿದ ಆ ಸಣ್ಣ ಅನುಮಾನ ಏನೆಂದರೆ, ‘ಸರ್, ಐವತ್ತನೆಯದರ ಕೊನೇ ಗೆರೆ ಕೆಳಗೆ ಪೆನ್ಸಿಲಲ್ಲಿ ಬರೆದು ಅಳಿಸಿದ ಹಾಗಿದೆ, ಕಾಗದ ಓರೆ ಮಾಡಿದ್ರೆ ಒತ್ತಿದ ಗುರುತು ಕಾಣುತ್ತೆ.’ ಏನೋ ಗೀಚಿರಬೇಕು ಎಂದೆ, ನಿನ್ನೆಯೂ ಸುಳ್ಳು ಹೇಳಿದೆ. ಅಂದು ಸ್ನಾನ ಮುಗಿಸಿ ಬಂದಾಗ ನಮೂನೆ ಇಟ್ಟಲ್ಲೇ ಇತ್ತು. ನನ್ನ ಕೊನೆಯ ‘ಇಲ್ಲ’ದ ಕೆಳಗೆ, ನೀನು ಸಾಮಾನಿನ ಚೀಟಿ ಬರೆಯುವ ಮೊಂಡು ಪೆನ್ಸಿಲಿನಲ್ಲಿ, ನಿನ್ನ ಅಕ್ಷರದಲ್ಲಿ ಇತ್ತು: ‘ಕೇಳಿದ್ದರೆ ಹೇಳುತ್ತಿದ್ದೆ.’ ಅಕ್ಕಾ, ನಾನು ಓದಿದೆ. ಎರಡು ಸಲ ಓದಿದೆ. ನನಗೆ ಗೊತ್ತಿತ್ತು. ರಬ್ಬರ್ ತಂದು ಅಳಿಸಿ, ಪುಡಿ ಊದಿ, ನಮೂನೆಯನ್ನು ಚೀಲಕ್ಕೆ ಹಾಕಿಕೊಂಡು ಊಟಕ್ಕೆ ಕೂತೆ. ನೀನೇ ಬಡಿಸಿದೆ. ಮೇಜಿನ ಮೇಲೆ ನಮೂನೆ ಇಲ್ಲದಿರುವುದನ್ನು ನೋಡಿದೆ, ನನ್ನನ್ನು ನೋಡಿದೆ. ‘ಇನ್ನೇನಾದ್ರೂ ಬೇಕಾ?’ ಎಂದು ಕೇಳಿದೆ.

ನಾನು ತಟ್ಟೆಯಿಂದ ತಲೆ ಎತ್ತದೆ ‘ಇಲ್ಲ’ ಎಂದೆ.