ಕ್ಷೇಮವೆಂದು ಬರೆದದ್ದು

ಮೂರನೇ ಮಹಡಿಯ ಮನೆಯಿಂದ,
ಹದಿನೇಳನೇ ತಾರೀಕು, ಶನಿವಾರ

ಪ್ರೀತಿಯ ತಮ್ಮಾ,

ಪ್ರೀತಿಯ ಎಂದು ಬರೆಯದೆ ಕಾಗದ ಶುರು ಮಾಡುವುದು ನನಗೆ ಗೊತ್ತಿಲ್ಲ, ಅದಕ್ಕೆ ಬರೆದಿದ್ದೇನೆ. ಅಷ್ಟಕ್ಕೇ ಹಿಗ್ಗಬೇಡ. ನಿನ್ನ ಆರೋಗ್ಯ ಹೇಗಿದೆ? ಕಣ್ಣುರಿ ಕಡಿಮೆಯಾಯಿತೇ? ಕಪ್ಪು ಕನ್ನಡಕ ಹಾಕದೆ ಬೆಸುಗೆಗೆ ಕೂರಬಾರದು ಎಂದು ಅಮ್ಮ ಹೇಳಲು ಹೇಳಿದ್ದಾಳೆ, ಹೇಳಿದ್ದೇನೆ. ನಮ್ಮ ಕ್ಷೇಮ ಸಮಾಚಾರ ಮಾತ್ರ ಈ ಸಲ ಬರೆಯುವುದಿಲ್ಲ. ‘ನಾವೆಲ್ಲರೂ ಇಲ್ಲಿ ಕ್ಷೇಮ’ ಎಂಬ ಸಾಲು ಇನ್ನು ನನ್ನ ಕೈಯಿಂದ ಬರುವುದಿಲ್ಲ. ಯಾಕೆಂದು ನಿನಗೆ ಚೆನ್ನಾಗಿ ಗೊತ್ತು, ಏನೂ ಗೊತ್ತಿಲ್ಲದವನ ಹಾಗೆ ಮುಖ ಮಾಡಬೇಡ. ನನ್ನ ಫೋನನ್ನಂತೂ ನೀನು ಎತ್ತುವುದಿಲ್ಲ. ಕಾಗದ ಬಂದರೆ ನೀನು ಓದದೆ ಇರಲಾರೆ ಎಂಬ ಧೈರ್ಯದ ಮೇಲೆ ಮೂರು ದಿನದಿಂದ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ.

ಏಣಿಯಿಂದ ಬಿದ್ದು ಏಳು ತಿಂಗಳಾದರೂ ನನ್ನ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಹದಿನೆಂಟು ವರ್ಷ ಛಾವಣಿಗಳಿಗೆ ಬಣ್ಣ ಬಳಿದವಳು ಈಗ ತಲೆ ಬಾಚಿಕೊಳ್ಳಲು ಮಗಳನ್ನು ಕೂಗಬೇಕು. ಇನ್ನೊಂದು ಆಪರೇಷನ್ ಆಗದಿದ್ದರೆ ಕೈ ಹೀಗೇ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ, ಏಣಿ ಕೊಟ್ಟ ಕಂಟ್ರಾಕ್ಟರಿಂದ ಪರಿಹಾರ ಬರದೆ ಆಪರೇಷನ್ ಇಲ್ಲ. ಅದಕ್ಕೇ ವಕೀಲಮ್ಮ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ‘ಆಸ್ಪತ್ರೆಯ ಒಂದು ಚೀಟೀನೂ ಬಿಸಾಡಬೇಡಿ. ನನ್ನ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಯಾರು ಕೇಳಿದ್ರೂ ಚೆನ್ನಾಗಿದೀನಿ ಅನ್ನಬೇಡಿ’ ಎಂದಿದ್ದರು. ಏಣಿಯ ಮುರಿದ ಮೆಟ್ಟಿಲಿನ ಫೋಟೋ ನಿನ್ನ ಭಾವ ಅವತ್ತೇ ತೆಗೆದಿಟ್ಟಿದ್ದರು. ಬಿದ್ದಾಗ ತೊಟ್ಟಿದ್ದ ಅಂಗಿಯನ್ನು ಒಗೆಯದೆ ಕವರಿನಲ್ಲಿ ಕಟ್ಟಿಟ್ಟೆ. ಅಮ್ಮ ಅದನ್ನು ಎರಡು ಸಲ ಬಕೆಟ್ಟಿಗೆ ಹಾಕಲು ಹೊರಟಳು, ಎರಡು ಸಲವೂ ಕಿತ್ತುಕೊಂಡೆ. ವಿಮೆ ಕಂಪನಿಯ ಮನುಷ್ಯ ಹಣ್ಣಿನ ಚೀಲ ಹಿಡಿದು ‘ಹೇಗಿದೀರಮ್ಮ’ ಎಂದು ನಗುತ್ತ ಬಂದಾಗ ಬಾಗಿಲ ಸರಪಳಿಯನ್ನೂ ತೆಗೆಯದೆ ಸಾಗಹಾಕಿದೆ. ನಾಲಿಗೆಯ ತುದಿಗೆ ಬಂದ ‘ಪರವಾಗಿಲ್ಲ’ವನ್ನು ನುಂಗಿಕೊಳ್ಳುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಹೇಗಿದ್ದೀರಿ ಎಂದು ಕೇಳಿದವರಿಗೆ ಚೆನ್ನಾಗಿದ್ದೇನೆ ಎನ್ನದಿದ್ದರೆ ಅವರನ್ನೇ ಬೈದ ಹಾಗಾಗುತ್ತದೆ.

ಇಷ್ಟೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದುಕೊಂಡು ಮಂಗಳವಾರ ನಿನ್ನ ಭಾವನ ಜೊತೆ ವಕೀಲಮ್ಮನ ಆಫೀಸಿಗೆ ಹೋಗಿ ಕೂತರೆ, ಅವರು ಎದುರು ಪಕ್ಷದವರು ಹಾಕಿದ ದಾಖಲೆ ಎಂದು ಒಂದು ಜೆರಾಕ್ಸನ್ನು ನನ್ನ ಮುಂದೆ ತಳ್ಳಿದರು. ‘ಇದು ನಿಮ್ಮ ಅಕ್ಷರಾನಾ?’ ನನ್ನದೇ. ಆಸ್ಪತ್ರೆಯಿಂದ ನಾನು ನಿನಗೆ ಬರೆದ ಕಾಗದ. ‘ನಾನು ಕ್ಷೇಮ. ನೋವು ಹೆಚ್ಚೇನಿಲ್ಲ, ಎರಡು ವಾರದಲ್ಲಿ ಮತ್ತೆ ಬ್ರಷ್ ಹಿಡಿಯುತ್ತೇನೆ. ತಪ್ಪು ನನ್ನದೇ, ನೋಡಿ ಹತ್ತಬೇಕಿತ್ತು. ನೀನು ಕೊರಗಬೇಡ.’ ವಕೀಲಮ್ಮ ಕೆಂಪು ಪೆನ್ನಿನಲ್ಲಿ ಸಾಲು ಸಾಲಿಗೂ ಗೆರೆ ಎಳೆದಿದ್ದರು. ನಿನ್ನ ಭಾವ ನನ್ನ ಮುಖ ನೋಡಲಿಲ್ಲ, ಫ್ಯಾನು ನೋಡುತ್ತ ಕೂತರು.

ಆ ಕಾಗದ ಯಾಕೆ ಬರೆದೆ ಎಂಬುದು ನಿನಗೂ ನನಗೂ ಮಾತ್ರ ಗೊತ್ತು. ಬಿದ್ದ ಮರುದಿನ ನೀನು ವಾರ್ಡಿಗೆ ಬಂದು ಮಂಚದ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ. ‘ಅಕ್ಕಾ, ಆ ಮೆಟ್ಟಿಲಿಗೆ ಬೆಸುಗೆ ಹಾಕಿದ್ದು ನಾನೇ. ಒಳಗೆಲ್ಲ ತುಕ್ಕು ತಿಂದಿತ್ತು. ಇದನ್ನ ಗುಜರಿಗೆ ಹಾಕಿ ಅಂದೆ. ಎರಡು ಚುಕ್ಕೆ ಬೆಸುಗೆ ಹಾಕಿ ಕಳಿಸು ಸಾಕು ಅಂದ್ರು ಕಂಟ್ರಾಕ್ಟರು, ಹಾಕಿಬಿಟ್ಟೆ’ ಎಂದೆ. ಆಮೇಲೆ ಕೆಲಸದ ಜಾಗಕ್ಕೆ ಹೋಗಿ ಊಟ ಬಿಟ್ಟು ಕೂತಿದ್ದೀಯ ಎಂದು ಅಮ್ಮನಿಂದ ತಿಳಿಯಿತು. ನಿನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ಬಲಗೈಗೆ ಪಟ್ಟಿ ಬಿಗಿದಿದ್ದರಿಂದ ಎಡಗೈಯಲ್ಲಿ ಗೀಚಿ ಗೀಚಿ, ತಪ್ಪು ನನ್ನದು ಎಂದು ಬರೆದೆ. ನೀನು ಎರಡು ತುತ್ತು ಉಣ್ಣಲಿ ಎಂದು ಬರೆದದ್ದು ಅದು. ಆ ಸೊಟ್ಟ ಅಕ್ಷರ ನೋಡಿಯೂ ಅಕ್ಕ ಕ್ಷೇಮ ಎಂದು ನಂಬಿದೆಯಾ? ನಂಬಿದ್ದರೆ ನೀನು ದಡ್ಡ. ನಂಬದೆಯೂ ಒಯ್ದು ಕಂಟ್ರಾಕ್ಟರ ಕೈಗಿಟ್ಟಿದ್ದರೆ ನಿನ್ನನ್ನು ಏನೆಂದು ಕರೆಯಬೇಕೋ ನನಗೆ ತಿಳಿಯುತ್ತಿಲ್ಲ.

‘ಅವರು ಕೇಳಿದ್ರು, ಕೊಟ್ಟೆ’ ಎಂದು ಅಮ್ಮನಿಗೆ ಹೇಳಿದೆಯಂತೆ. ಹೊಟ್ಟೆಗೆ ಅನ್ನ ತಿನ್ನುವವರು ಆಡುವ ಮಾತೇ ಇದು? ಕೇಳಿದರೆ ಕೊಡುವುದಕ್ಕೆ ಅದೇನು ಬೆಂಕಿಪೊಟ್ಟಣವೇ? ಕಾಗದ ಕೊಟ್ಟ ತಿಂಗಳಲ್ಲೇ ನಿನ್ನನ್ನು ಸೂಪರ್‌ವೈಸರ್ ಮಾಡಿದರಂತೆ, ಕೂರಲು ಕುರ್ಚಿಯನ್ನೂ ಕೊಟ್ಟರಂತೆ. ಕೂರು, ಚೆನ್ನಾಗಿ ಕೂರು. ಅಮ್ಮ ಮಾತ್ರ ‘ಅವನಿಗೆ ಬುದ್ಧಿ ಕಮ್ಮಿ, ಮನಸ್ಸು ಒಳ್ಳೇದು’ ಎಂದು ಇವತ್ತಿಗೂ ನಿನ್ನ ಪರವೇ. ಆ ಮಾತು ಕೇಳಿ ಕೇಳಿ ನನಗೆ ಮೂವತ್ತು ವರ್ಷವಾಯಿತು. ಚಿಕ್ಕವನಿದ್ದಾಗ ನೀನು ಒಡೆದ ಪಾತ್ರೆಗೆಲ್ಲ ಏಟು ತಿಂದವಳು ನಾನು. ನಿನಗೆ ಅದೇ ರೂಢಿಯಾಗಿದೆ, ತಪ್ಪು ನನ್ನದೂ ಇದೆ. ಬೇಕಾದರೆ ಈ ಕಾಗದವನ್ನೂ ನಿನ್ನ ಕಂಟ್ರಾಕ್ಟರಿಗೆ ತೋರಿಸು. ಗುಜರಿ ಏಣಿಯ ವಿಷಯ ಬರೆದ ಕಡೆ ಸ್ವಲ್ಪ ಗಟ್ಟಿಯಾಗಿ ಓದು.

ಇನ್ನು ಸಾಕು, ಭುಜ ಸೆಳೆಯುತ್ತಿದೆ. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನಿನ್ನ ಭಾವ ಏನೂ ತಿಳಿಸಿಲ್ಲ. ಮಗಳು ‘ಮಾಮ ಯಾವಾಗ ಬರ್ತಾನೆ’ ಎಂದು ಕೇಳುತ್ತಾಳೆ, ಅವಳಿಗೆ ನಾನು ಇನ್ನೂ ಏನೂ ಹೇಳಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ ಎಂದು ಹಲ್ಲು ಕಚ್ಚಿಕೊಂಡು ಹರಸುತ್ತಿದ್ದೇನೆ.

ಇಂತಿ,
ನಿನ್ನ ಅಕ್ಕ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇಷ್ಟು. ಗುರುವಾರ ಹತ್ತೂವರೆಗೆ ಕೋರ್ಟಿನಲ್ಲಿ ನನ್ನ ಹೇಳಿಕೆ. ಆ ಬೆಸುಗೆ ಯಾರದು ಎಂದು ವಕೀಲಮ್ಮ ನಾಲ್ಕು ಸಲ ಕೇಳಿದ್ದಾರೆ, ನಾಲ್ಕು ಸಲವೂ ಗೊತ್ತಿಲ್ಲ ಎಂದೆ. ಪ್ರಮಾಣ ಮಾಡಿದ ಮೇಲೆ ಹಾಗೆನ್ನಲಾರೆ, ಎನ್ನುವ ಮನಸ್ಸೂ ಇಲ್ಲ. ನಾನು ಹೇಳಿದರೆ ನೀನು ಅಕ್ಕನನ್ನು ಬೀಳಿಸಿದ ತಮ್ಮ. ನೀನೇ ಬಂದು ಹೇಳಿದರೆ, ಬೀಳುವ ಏಣಿ ಎಂದು ತಿಳಿದೂ ಕಳಿಸಿದವರು ಯಾರೆಂದು ಗೊತ್ತಾಗುತ್ತದೆ. ಮೊದಲ ಬಸ್ಸು ಹಿಡಿದರೆ ಹತ್ತಕ್ಕೆ ಇಲ್ಲಿರುತ್ತೀಯ. ಬಾಗಿಲ ಪಕ್ಕದ ಬೆಂಚಿನ ಮೇಲೆ ಹತ್ತೂ ಇಪ್ಪತ್ತೈದರವರೆಗೆ ಕಾಯುತ್ತೇನೆ. ಆಮೇಲೆ ಒಳಗೆ ಹೋಗುತ್ತೇನೆ.