ಸಿಂಹದ ಬಾಯಲ್ಲಿ ಕೈ

ಅಕ್ಕಾ,

ಕ್ಷೇಮ ಸಮಾಚಾರ ಪಕ್ಕಕ್ಕಿರಲಿ. ನನ್ನ ಮಗಳಿಗೆ ಆ ಕಾರ್ಡು ತೋರಿಸಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಅವಳನ್ನು ಮದುವೆಯಾಗಲಿರುವ ಹುಡುಗ, ಕೆಲಸದಿಂದ ತಡವಾಗಿ ಬಂದಳೆಂದು ಅವಳ ಫೋನನ್ನು ಗೋಡೆಗೆ ಎಸೆದು ಪುಡಿ ಮಾಡಿದ. "ಈ ಮದುವೆ ಬೇಡಮ್ಮ" ಅಂತ ಅತ್ತ ಹುಡುಗಿ, ಸಮಾಧಾನಕ್ಕೆಂದು ನಿನ್ನ ಮನೆಗೆ ಹೋದಳು. ನೀನು ಸೋಫಾದ ಮುಂದಿನ ಗಾಜಿನ ಮೇಜಿನ ಮೇಲೆ ಭವಿಷ್ಯ ನೋಡುವ ಟ್ಯಾರೋ ಕಾರ್ಡುಗಳನ್ನು ಹರಡಿದೆ. ಅವಳಿಗೆ ಬಂದ ಕಾರ್ಡು 'ಶಕ್ತಿ'. ವಾಪಸ್ ಬಂದವಳು ತಣ್ಣಗೆ ಹೇಳಿದಳು: "ಮದುವೆ ಆಗ್ತೀನಮ್ಮ. ದೊಡ್ಡಮ್ಮ ಎಲ್ಲಾ ಬಿಡಿಸಿ ಹೇಳಿದ್ರು. ನೀನು ಅಪ್ಪನ್ನ ಪಳಗಿಸಿದ ಹಾಗೆ ನಾನೂ ಅವನನ್ನ ಪಳಗಿಸ್ತೀನಿ." ಮೈಯೆಲ್ಲ ಉರಿದುಹೋಯಿತು ಅಕ್ಕ.

ಆ ಕಾರ್ಡು ನನಗೆ ಹೊಸದೇ? ಬಿಳಿ ಬಟ್ಟೆಯ ಹೆಂಗಸು ಬಾಗಿ, ಬರಿಗೈಯಲ್ಲಿ ಸಿಂಹದ ಬಾಯಿ ಹಿಡಿದಿದ್ದಾಳೆ. ತಲೆಯ ಮೇಲೆ ಅನಂತದ ಗುರುತು, ಅಡ್ಡ ಮಲಗಿಸಿದ ಇಂಗ್ಲಿಷ್ ಎಂಟು. ಮದುವೆಯಾದ ಹೊಸದರಲ್ಲಿ ಗಂಡನ ಏಟಿಗೆ ಕೆನ್ನೆ ಊದಿಕೊಂಡು ನಾನು ನಿನ್ನ ಬಾಗಿಲಿಗೆ ಬಂದಾಗ, ಟವೆಲಿನಲ್ಲಿ ಐಸು ಸುತ್ತಿ ಕೊಟ್ಟೆ, ಆಮೇಲೆ ಕಾರ್ಡು ಕಲೆಸಿದೆ. "ನೋಡೇ, ಅವಳೇನಾದ್ರೂ ಸಿಂಹಕ್ಕೆ ಹೊಡೀತಿದಾಳಾ? ಪ್ರೀತಿಯಿಂದ ಬಾಯಿ ಮುಚ್ಚಿಸ್ತಿದಾಳೆ. ಆ ಎಂಟು ಇದೆಯಲ್ಲ, ಅದು ಕೊನೆಯೇ ಇಲ್ಲದ ತಾಳ್ಮೆ. ಅದೇ ಕಣೇ ನಮ್ಮ ಶಕ್ತಿ" ಅಂದೆ. ಕೊನೆಯೇ ಇಲ್ಲ ಅಂತ ನೀನು ಬಾಯಿಬಿಟ್ಟು ಹೇಳಿದಾಗಲೇ ನಾನು ಎದ್ದು ಓಡಬೇಕಿತ್ತು. ಬದಲಿಗೆ ನೀನು ಕೊಟ್ಟ ಕಾಫಿ ಕುಡಿದು ಗಂಡನ ಮನೆಗೆ ಹೋದೆ.

ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವಳು ನಾನು. ದಿನ ಬೆಳಗಾದರೆ ಬೇರೆಯವರ ಬಾಯಿಗೆ ಕೈ ಹಾಕುತ್ತೇನೆ. ಮೊನ್ನೆ ಒಬ್ಬರು ವಯಸ್ಸಾದವರು ಗ್ಲೌಸಿನ ಮೇಲೇ ಕಚ್ಚಿಬಿಟ್ಟರು. ಪಾಪ, ಬೇಕೆಂದಲ್ಲ, ನೋವಿಗೆ. ಡಾಕ್ಟರು ತಕ್ಷಣ ನನ್ನ ಕೈ ಹಿಡಿದು ಹೊರಗೆಳೆದರು. ಇನ್ನೂ ಸ್ವಲ್ಪ ಪ್ರೀತಿಯಿಂದ ಒಳಗಿಡು ಅನ್ನಲಿಲ್ಲ. ಅವರು ಹೊರಗಿನವರು. ನೀನು ಒಡಹುಟ್ಟಿದವಳು.

ಸಿಂಹ ಅಂದರೆ ನಮ್ಮೊಳಗಿನ ಕೋಪ, ಅದನ್ನು ಹತೋಟಿಯಲ್ಲಿಡುವುದೇ ಈ ಕಾರ್ಡಿನ ಅರ್ಥ ಅಂತ ನೀನೇ ಎಷ್ಟೋ ಜನರಿಗೆ ಹೇಳಿದ್ದನ್ನು ಕೇಳಿದ್ದೇನೆ. ಹಾಗಿದ್ದರೆ ಅದನ್ನು ನನ್ನ ಗಂಡನ ಮುಂದೆ ಯಾಕೆ ಇಡಲಿಲ್ಲ? ಆ ಹುಡುಗನನ್ನು ಕರೆದು ಕೂರಿಸಿ ಯಾಕೆ ತೋರಿಸಲಿಲ್ಲ? ಅವರು ಬಂದರೆ ತಿಂಡಿ ತಟ್ಟೆ, ನಾವು ಬಂದರೆ ಕಾರ್ಡು!

ನಾನು ಯಾರನ್ನೂ ಪಳಗಿಸಲಿಲ್ಲ ಅಕ್ಕ. ನನ್ನ ಗಂಡನಿಗೆ ವಯಸ್ಸಾಯಿತು, ಬೆನ್ನು ಹಿಡಿದುಕೊಂಡಿತು, ಕುರ್ಚಿಯಿಂದ ಎದ್ದು ನನ್ನ ತನಕ ಬರಲು ಆಗುವುದಿಲ್ಲ. ಅಷ್ಟೇ. ಅವರು ದನಿ ಎತ್ತಿದರೆ ಇವತ್ತಿಗೂ ಕೈಯಲ್ಲಿರುವ ಲೋಟ ಕೆಳಗಿಟ್ಟು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ.

ನಿನ್ನೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಗಳಿಗೆ ಇದನ್ನೆಲ್ಲ ಹೇಳಿದೆ. ಕೂದಲು ಸರಿಸಿ ಕಿವಿಯ ಹಿಂದಿನ ಹೊಲಿಗೆಯ ಗುರುತನ್ನೂ ತೋರಿಸಿದೆ. "ಅಪ್ಪನಾ?" ಅಂದಳು. ನಂಬಲಿಕ್ಕೆ ಆಗಲಿಲ್ಲ ಅವಳಿಗೆ. ಆಮೇಲೆ ಒಂದೇ ಮಾತು ಕೇಳಿದಳು.

"ದೊಡ್ಡಮ್ಮಂಗೆ ಇದು ಗೊತ್ತಿತ್ತಾ?"

ಗೊತ್ತಿತ್ತು ಅಂದೆ.

ಆ ಹುಡುಗನಿಗೆ ಅವಳು ಇನ್ನೂ ಏನೂ ಹೇಳಿಲ್ಲ. ಭಾನುವಾರ ನಿನ್ನ ಮನೆಗೆ ಬರುತ್ತಾಳಂತೆ. ಎಲ್ಲವನ್ನೂ ನಿನ್ನ ಬಾಯಿಂದ ಕೇಳಿದ ಮೇಲೇ ತೀರ್ಮಾನವಂತೆ. ನಾನು ಜೊತೆಗೆ ಬರುವುದಿಲ್ಲ. ಅಮ್ಮನ ಪಾಡು ಗೊತ್ತಿದ್ದೂ ನನ್ನನ್ನೂ ಅಂಥದೇ ಮದುವೆಗೆ ಯಾಕೆ ಕಳಿಸಲು ಹೊರಟಿರಿ ಅಂತ ಅವಳು ಕೇಳಿದಾಗ, ಮೇಜಿನ ಕಡೆ ನೋಡಬೇಡ, ಅವಳ ಮುಖ ನೋಡು.

ನಿಜ ಹೇಳುವಷ್ಟು ಧೈರ್ಯವನ್ನು ದೇವರು ನಿನಗೆ ಅವತ್ತೊಂದು ದಿನವಾದರೂ ಕೊಡಲಿ.

ನಿನ್ನ ತಂಗಿ